ಒಳಗಿನಿಂದ ಎರಡು ತಟ್ಟು

ನಾನು ಬೆಟಗೇರಿಯ ತಾಂಬಟಗಾರ ಪುಂಡಲೀಕಪ್ಪ. ನನ್ನ ಕೈಯಲ್ಲಾದ ತಾಮ್ರದ ಕೊಡ ಸೋರಿತು ಎಂದು ಈವರೆಗೆ ಯಾರೂ ಹೇಳಿಲ್ಲ. ಆ ಜಂಬವೇ ನನ್ನ ಕಣ್ಣಲ್ಲೇ ನನ್ನ ಮಾನ ಕಳೆಯಿತು.

ಯುದ್ಧದ ಕಾಲದಲ್ಲಿ ಬೆಂಗಳೂರಿಗೆ ಹೋಗಿ ವಿಮಾನ ರಿಪೇರಿ ಕಲಿತು ಬಂದಿದ್ದ ನಮ್ಮ ಓಣಿಯ ಗೌಸಸಾಬನಿಗೆ ಒಂದೇ ಹುಚ್ಚು. ತನ್ನ ಕೈಯಾರೆ ಒಂದು ಸಣ್ಣ ವಿಮಾನ ಕಟ್ಟಬೇಕು, ಕನ್ನಡ ನಾಡು ಒಂದಾಗುವ ದಿನ ಅದನ್ನು ಗದಗಿನ ಮೇಲೆ ಹಾರಿಸಬೇಕು. ವಿಲಾಯತಿಯಿಂದ ನಕ್ಷೆ, ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಬಂದವು. ಅಲ್ಯೂಮಿನಿಯಂ ತಗಡು ಜೋಡಿಸಿ ರಿವೆಟ್ ಎಂಬ ಮೊಳೆ ಬಡಿಯಲು ನನ್ನನ್ನು ಕರೆದ.

ಅದು ಒಬ್ಬರ ಕೆಲಸವಲ್ಲ. ನಾನು ಹೊರಗಿನಿಂದ ಬಡಿಯುವಾಗ ಒಳಗಿನಿಂದ ಇನ್ನೊಬ್ಬರು ರಿವೆಟ್ಟಿನ ತುದಿಗೆ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು. ಬಾಲದ ಕಡೆ ಒಡಲು ಬಲು ಇಕ್ಕಟ್ಟು, ಗೌಸಸಾಬನ ಭುಜ ಹಿಡಿಸಲಿಲ್ಲ. ಅವನ ಹೆಂಡತಿ ಅಲ್ಮಾಸಬಿ ತೆವಳಿಕೊಂಡು ಒಳಗೆ ಹೋದಳು. ಪರಗಂಡಸಿನೊಡನೆ ಮಾತಾಡುವವಳಲ್ಲ ಆಕೆ. ಅದಕ್ಕೇ ಗೌಸಸಾಬ ಒಂದು ಗುರುತು ಮಾಡಿಕೊಟ್ಟ. ತುದಿ ನೆಟ್ಟಗೆ ಕೂತರೆ ಆಕೆ ತಗಡಿಗೆ ಒಮ್ಮೆ ತಟ್ಟಬೇಕು, ಸೊಟ್ಟಾದರೆ ಎರಡು ಸಲ. ಎರಡು ತಟ್ಟಿದರೆ ನಾನು ಅದನ್ನು ಕೊರೆದು ತೆಗೆದು ಹೊಸದು ಹಾಕಬೇಕು.

ಮೊದಲ ದಿನ ಹಾಗೇ ಮಾಡಿದೆ. ಮರುದಿನ ಆಕೆ ಮೇಲಿಂದ ಮೇಲೆ ಎರಡೆರಡು ತಟ್ಟತೊಡಗಿದಳು. ನನಗೆ ಸಿಟ್ಟು ನೆತ್ತಿಗೇರಿತು. ಮೂವತ್ತು ವರ್ಷ ಸುತ್ತಿಗೆ ಹಿಡಿದವನಿಗೆ ರೊಟ್ಟಿ ಬಡಿಯುವವಳು ತಪ್ಪು ತೋರಿಸುವುದೇ? ಕೊಡದ ಒಳಗೆ ಏನೇ ಸೊಟ್ಟಿರಲಿ, ಕಲಾಯಿ ಹಾಕಿದರೆ ಮುಚ್ಚಿಹೋಗುತ್ತದೆ. ನಮ್ಮ ಕಸುಬಿನವರ ಕಣ್ಣೆಲ್ಲ ಹೊರಮೈ ಮೇಲೆ. ಕೇಳಿಯೂ ಕೇಳದವನಂತೆ ಮುಂದಿನ ತೂತಿಗೆ ಹೋದೆ, ಹೊರಗೆ ನುಣ್ಣಗೆ ಉಜ್ಜಿದೆ. ಒಂಬತ್ತು ರಿವೆಟ್ ಹಾಗೆ ಹೋದವು.

ಹಾರಿಸುವ ಹಿಂದಿನ ದಿನ ಓಣಿಯೆಲ್ಲ ನೋಡಲು ನೆರೆದಿತ್ತು. ಗೌಸಸಾಬ ಕೋಲಿಗೆ ಕನ್ನಡಿ ಕಟ್ಟಿ ಬಾಲದೊಳಗೆ ತೂರಿಸಿ ನೋಡಿದ. ಅವನ ಮುಖ ಬಿಳಿಚಿತು.

"ಒಂಬತ್ತು ಸೊಟ್ಟ ಅದಾವು. ಮ್ಯಾಲ ಹೋದಾಗ ಬಾಲ ಕಿತ್ತ ಹೋಗಿದ್ರ ನನ್ನ ಹೆಣಾನೂ ಸಿಗತಿರಲಿಲ್ಲ," ಎಂದವನು ಹೆಂಡತಿಯ ಕಡೆ ತಿರುಗಿದ. "ನೀ ತಟ್ಟಲಿಲ್ಲೇನ?"

ಆಕೆ ಸೆರಗು ಸರಿಮಾಡಿಕೊಂಡು ಮೊದಲ ಸಲ ನನ್ನೊಡನೆ ಮಾತಾಡಿದಳು. "ಪುಂಡಲೀಕಣ್ಣಾ, ನೀವ ಹೇಳ್ರಿ."

ಅಣ್ಣ ಎಂದಳು. ಓಣಿಯ ಮಂದಿಯೆಲ್ಲ ನನ್ನ ಬಾಯಿ ನೋಡುತ್ತಿದ್ದರು. ಅವರೆಲ್ಲರ ಮನೆಯಲ್ಲೂ ನೀರು ತುಂಬುತ್ತಿದ್ದದ್ದು ನನ್ನ ಕೊಡಗಳಲ್ಲೇ.

"ತಟ್ಟಲಿಲ್ಲ ಬಿಡ್ರಿ," ಎಂದೆ. "ಪಾಪ, ಹೆಣ್ಮಗಳು, ಆಕಿಗೇನ ತಿಳೀತೈತಿ."

ಪಾಪ ಅಂತ ಬೇರೆ ಅಂದೆ! ಆ ಮಾತು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ಅಲ್ಮಾಸಬಿ ತಿರುಗಿ ಮನೆಯೊಳಗೆ ನಡೆದಳು. ಗೌಸಸಾಬ ನನ್ನ ಎರಡೂ ಕೈ ಹಿಡಿದುಕೊಂಡ. "ತಪ್ಪ ನಂದರಿ. ತಿಳೀದಾಕಿನ್ನ ಒಳಗ ಕಳಿಸಿ ನಿಮ್ಮಂಥಾ ಕಸಬುದಾರನ ಹೆಸರ ಕೆಡಸತಿದ್ದೆ. ನಾಳೆ ಹಾರಿಸೂದು ಬ್ಯಾಡ. ಕುಂಡ್ರಿ, ಚಹಾ ಕುಡದ ಹೋಗ್ರಿ."

ಚಹಾ ಮಾಡಿ ತಂದವಳು ಅಲ್ಮಾಸಬಿಯೇ. ನಾನು ತಲೆ ಎತ್ತದೆ ಕುಡಿದೆ.