ಎಡಗೈ ಮುಟ್ಟಬ್ಯಾಡ್ರಿ

ಗೀಜರಿನ ನೀರು ಕಾಯುವ ಮೊದಲೇ ನಾಗವ್ವನ ತಲೆ ಕಾದಿರುತ್ತಿತ್ತು. ಮರಾಠಿ ನಾಡಿನ ಬಿಬವೇವಾಡಿಯ ಆ ಸಣ್ಣ ಫ್ಲ್ಯಾಟಿನಲ್ಲಿ ಬೆಳಗಾದರೆ ಒಂದೇ ಜಗಳ. ಗಂಡ ಗೂಳಪ್ಪನ ಎರಡೂ ಕಿಡ್ನಿ ಕೈಕೊಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್ ಶುರುವಾಗಿತ್ತು. ಮೈಯ ರಕ್ತ ಯಂತ್ರಕ್ಕೆ ಹೋಗಿ ಸ್ವಚ್ಛವಾಗಿ ಮರಳಲು ಅವನ ಕುತ್ತಿಗೆಯ ಬಲಬದಿಗೆ ಒಂದು ನಳಿಕೆ ಹಾಕಿದ್ದರು. ಆಸ್ಪತ್ರೆಯವರು ಅದಕ್ಕೆ ಕ್ಯಾಥೆಟರ್ ಎನ್ನುತ್ತಾರೆ. ಅದಕ್ಕೆ ನೀರು ತಾಗಲೇಬಾರದು. ಗೂಳಪ್ಪನಿಗೋ, ನೆತ್ತಿಯ ಮೇಲೆ ನೀರು ಸುರಿದುಕೊಳ್ಳದೆ ಲಿಂಗಪೂಜೆಗೆ ಕೂತರೆ ಕೂತಂತೆಯೇ ಅಲ್ಲ.

ಅದಕ್ಕೆ ಅವನೇ ಒಂದು ಉಪಾಯ ಮಾಡಿಕೊಂಡಿದ್ದ. ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯಲ್ಲಿ ಅರ್ಧ ಆಯುಷ್ಯ ಕಳೆದವನು. ಬೆಲ್ಲಕ್ಕೆ ಸುತ್ತುವ ಪ್ಲಾಸ್ಟಿಕ್ ಹಾಳೆಯನ್ನೇ ಕುತ್ತಿಗೆಗೆ ಸುತ್ತಿ, ಅಂಟುಪಟ್ಟಿ ಹಚ್ಚಿ, ತಲೆಸ್ನಾನ ಮಾಡುತ್ತಿದ್ದ. ಹಾಳೆಯೊಳಗೆ ನೀರು ಇಳಿದು ನಳಿಕೆಯ ಪಟ್ಟಿ ಒದ್ದೆಯಾಗುತ್ತಿತ್ತು. ಆಗ ಅದರ ಮೇಲೆ ಒಂದು ಚಿಟಿಕೆ ವಿಭೂತಿ. ನೀರು ಹೀರಿಕೊಳ್ಳುತ್ತದೆ ಎಂದು ಅವನ ವಾದ.

“ವಿಭೂತಿ ಹಣಿಗೆ ಹಚ್ಚೂದ್ರಿ, ನಳಿಗಿಗಲ್ಲ,” ಎಂದಳು ನಾಗವ್ವ.

“ನೀ ಯಾವಾಗ ಡಾಕ್ಟರ ಆದಿ?”

“ಆಗಿದ್ರ ನಿಮ್ಮನ್ನ ಮೊದಲ ಡಿಸ್ಚಾರ್ಜ ಮಾಡ್ತಿದ್ದೆ.”

ಇದು ಒಂದು ತಾಪತ್ರಯವಾದರೆ, ಅವನ ಎಡಗೈ ಇನ್ನೊಂದು. ದಿನಾ ಪೂಜೆಯ ಹೊತ್ತಿಗೆ ಕೊರಳಲ್ಲಿ ಕಟ್ಟಿಕೊಂಡ ಕರಡಿಗೆಯಿಂದ ತೆಗೆದ ಲಿಂಗವನ್ನು ಅವನು ಎಡಗೈಯ ಅಂಗೈ ಮೇಲೆ ಇಟ್ಟುಕೊಳ್ಳುತ್ತಾನೆ. ಹಾಗಾಗಿ ಸಕ್ಕರೆ ಕಾಯಿಲೆ ಬಂದ ದಿನದಿಂದ ಯಾವ ಲ್ಯಾಬಿಗೆ ಹೋದರೂ, ಯಾರು ಸೂಜಿ ಹಿಡಿದು ಬಂದರೂ, ಒಂದೇ ಮಾತು: “ಎಡಗೈ ಮುಟ್ಟಬ್ಯಾಡ್ರಿ. ಅದು ಲಿಂಗದ ಕೈ.” ಎದುರಿಗಿದ್ದವರು ಮರಾಠಿಯವರಾದರೆ ಇದನ್ನೇ ಮರಾಠಿಯಲ್ಲಿ, ಇನ್ನೂ ಜೋರಾಗಿ ಹೇಳುತ್ತಿದ್ದ. ಡೆಂಗೆ ಬಂದು ಮಲಗಿದಾಗ ಬಲಗೈ ಸಲೈನಿನಿಂದ ಊದಿಕೊಂಡರೂ ಎಡಗೈ ಕೊಡಲಿಲ್ಲ. ಸಿಸ್ಟರುಗಳು ಅದೇ ಬಲಗೈಯಲ್ಲಿ ನರ ಹುಡುಕಿ ಹುಡುಕಿ ಬೇಸತ್ತರು. ಅವರ ಕ್ಷಮೆ ಕೇಳುವ ಕೆಲಸ ಮಾತ್ರ ನಾಗವ್ವನದು.

ಕೊನೆಗೆ ಆಗಬಾರದ್ದು ಆಯಿತು. ಒಂದು ದಿನ ಡಯಾಲಿಸಿಸ್ ಶುರುವಾದ ಸ್ವಲ್ಪ ಹೊತ್ತಿಗೆ ಗೂಳಪ್ಪನಿಗೆ ಮಂಚ ಅಲುಗುವಂತೆ ನಡುಕ ಬಂತು. ಮೈ ಕೆಂಡ. ನಳಿಕೆಯ ಬಾಯಿಂದ ನಂಜು ರಕ್ತಕ್ಕೆ ಇಳಿದಿತ್ತು. ಆ ನಳಿಕೆ ತೆಗೆದು, ದಿನಗಟ್ಟಲೆ ಔಷಧಿ ಏರಿಸಿ, ಕುತ್ತಿಗೆಯ ಇನ್ನೊಂದು ಬದಿಗೆ ಹೊಸದು ಹಾಕಿದರು. ಡಾಕ್ಟರ್ ವಿಕ್ರಮ ನಾಗವ್ವನನ್ನು ಹೊರಗೆ ಕರೆದು ಬಿಡಿಸಿ ಹೇಳಿದರು. ಇನ್ನೊಮ್ಮೆ ಹೀಗಾದರೆ ನಂಜು ಹೃದಯಕ್ಕೆ ಹೋಗಬಹುದು, ಜೀವಕ್ಕೇ ಅಪಾಯ. ನಳಿಕೆ ಹಾಕುವ ಜಾಗಗಳೂ ಮೈಯಲ್ಲಿ ಲೆಕ್ಕದಷ್ಟೇ ಇರುತ್ತವೆ. ಕೈಗೆ ಫಿಸ್ಟುಲಾ ಮಾಡಿಸಿ, ತಡ ಮಾಡಬೇಡಿ.

ಫಿಸ್ಟುಲಾ ಎಂದರೇನೆಂದು ಡಯಾಲಿಸಿಸ್ ಸಿಸ್ಟರ್ ಇಂದೂ ತಿಳಿಸಿದಳು. ಇಂದೂ ಧಾರವಾಡದ ಹುಡುಗಿ. ಆ ವಾರ್ಡಿನ ಸಿಸ್ಟರುಗಳಲ್ಲಿ ನಾಗವ್ವ ಮನಸ್ಸು ಬಿಚ್ಚಿ ಬೈಯಲು ಸಿಕ್ಕ ಒಂದೇ ಕನ್ನಡದ ಕಿವಿ. ಕೈಯೊಳಗೆ ರಕ್ತ ತರುವ ನಾಳ ಒಂದು, ಮರಳಿ ಒಯ್ಯುವ ನಾಳ ಒಂದು. ಸಣ್ಣ ಆಪರೇಷನ್ ಮಾಡಿ ಎರಡನ್ನೂ ಕೂಡಿಸುತ್ತಾರೆ. ರಕ್ತ ರಭಸದಿಂದ ನುಗ್ಗಿ, ಮರಳಿ ಒಯ್ಯುವ ನಾಳ ಕೆಲವು ವಾರಗಳಲ್ಲಿ ಉಬ್ಬಿ ಗಟ್ಟಿಯಾಗುತ್ತದೆ. ಆಮೇಲೆ ಸೂಜಿ ಅಲ್ಲಿಗೇ. ಹೊರಗೆ ಜೋತಾಡುವ ನಳಿಕೆ ಇಲ್ಲದ ಕಾರಣ ನಂಜಿನ ಭಯ ಬಹಳ ಕಡಿಮೆ.

ಗೂಳಪ್ಪ ಒಪ್ಪಿದ. ಆದರೆ ಬಲಗೈಗೆ.

ಡಾಕ್ಟರು ಬಲಗೈಗೆ ಜೆಲ್ಲಿ ಹಚ್ಚಿ ಸ್ಕ್ಯಾನ್ ಮಾಡಿದರು. ಮೇಲೆ ನೋಡಿದರು, ಕೆಳಗೆ ನೋಡಿದರು. ವರ್ಷಾನುಗಟ್ಟಲೆ ಸೂಜಿ ತಿಂದ ಆ ಕೈಯ ನಾಳಗಳು ಒಣಗಿದ ದಾರದಂತಾಗಿದ್ದವು. ಒಂದೂ ಕೆಲಸಕ್ಕೆ ಬರುವಂಥದ್ದಲ್ಲ. ನಾಗವ್ವನ ತಾಳ್ಮೆ ಅಲ್ಲಿಗೆ ಮುಗಿಯಿತು. ಡಾಕ್ಟರ ಮುಂದೆ ಎಲ್ಲ ದೂರನ್ನೂ ಒಮ್ಮೆಲೇ ಸುರಿದಳು. ಇವರು ಎಡಗೈ ಯಾರಿಗೂ ಕೊಟ್ಟವರಲ್ಲ, ಡೆಂಗೆಯಲ್ಲೂ ಕೊಡಲಿಲ್ಲ, ಬಲಗೈ ಹಾಳು ಮಾಡಿಕೊಂಡದ್ದು ಇದೇ ಹಟದಿಂದ, ಇವರ ಸಂಗಡ ಹೆಣಗಿ ನನಗೇ ಬಿಪಿ ಬಂದಿದೆ.

ಡಾಕ್ಟರು ಕೈ ಎತ್ತಿ ಅವಳನ್ನು ತಡೆದರು. ಎಡಗೈಗೆ ಒಂದು ಸಲವೂ ಸೂಜಿ ಹಾಕಿಸಿಲ್ಲವೇ ಎಂದು ಕೇಳಿದರು. ಒಂದು ಸಲವೂ ಇಲ್ಲ. ಹಾಗಾದರೆ ಬರೀ ಜೆಲ್ಲಿ ಹಚ್ಚಿ ನೋಡುತ್ತೇನೆ, ಚುಚ್ಚುವುದಿಲ್ಲ ಎಂದರು. ಚುಚ್ಚುವುದಿಲ್ಲ ಎಂದ ಮೇಲೆ ಗೂಳಪ್ಪ ಕೈ ಚಾಚಿದ. ಪರದೆಯ ಮೇಲೆ ಮೊಣಕೈಯವರೆಗೂ ಅಗಲವಾದ, ತಡೆಯಿಲ್ಲದ ನಾಳ ಕಾಣಿಸಿತು. ಇಂಥ ಕೈ ಕಾಣುವುದೇ ಅಪರೂಪ, ಎಂದರು ಡಾಕ್ಟರು. ಎಷ್ಟೋ ಜನ ಎರಡೂ ಕೈ ಕೆಡಿಸಿಕೊಂಡು ಬರುತ್ತಾರೆ. ಕಿಡ್ನಿ ಸೋಲುತ್ತಿದೆ ಎಂದು ಗೊತ್ತಾದ ದಿನವೇ ಒಂದು ಕೈಯನ್ನು ಸೂಜಿಯಿಂದ ಉಳಿಸಿಕೊಳ್ಳಿ ಎಂದು ನಾವು ಬಾಯಿ ನೋಯುವಷ್ಟು ಹೇಳುತ್ತೇವೆ. ನಿಮಗೆ ಇದನ್ನು ಕಲಿಸಿದವರು ಯಾರು?

ಗೂಳಪ್ಪ ನೆಟ್ಟಗೆ ಕೂತು ಹೆಂಡತಿಯ ಕಡೆ ಒಂದು ನೋಟ ಬೀರಿದ. ನಾಗವ್ವ ಗೋಡೆ ನೋಡಿದಳು. ಇಷ್ಟು ವರ್ಷ ಅವಳ ಹೊಟ್ಟೆ ಉರಿಸಿದ ಹಟವೇ ಈಗ ಸರಿ ಎನಿಸಿಕೊಂಡಿತ್ತು. ಇನ್ನು ಈ ಮನುಷ್ಯನನ್ನು ಮನೆಯಲ್ಲಿ ಹಿಡಿಯುವವರು ಯಾರು?

ಆದರೂ ಅವನು ಒಪ್ಪಲಿಲ್ಲ. ಕಾಪಾಡಿದ ಕೈಗೇ ಕತ್ತರಿ ಹಾಕಿಸುವುದೇ?

ಮುಂದಿನ ಡಯಾಲಿಸಿಸ್ ದಿನ ಇಂದೂ ಅವನ ಮಂಚದ ಬಳಿ ಸ್ಟೂಲು ಎಳೆದುಕೊಂಡು ಕೂತಳು. ಬೈಯಲಿಲ್ಲ.

“ಕಾಕಾ, ಖರೇ ಹೇಳ್ರಿ. ನಿಮಗ ಏನ ಅಂಜಿಕಿ ಅದ?”

ಗೂಳಪ್ಪ ಯಂತ್ರದ ಕಡೆ ಮುಖ ತಿರುಗಿಸಿದ. “ಕೈಯಾಗಿನ ಶಕ್ತಿ ಹೋದ್ರ? ಪೂಜಾದಾಗ ಲಿಂಗ ಕೈಜಾರಿದ್ರ?”

ಇಷ್ಟು ದಿನ ನಾಗವ್ವ ಹಟವನ್ನು ಕಂಡಿದ್ದಳು. ಈ ಭಯ ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ಇಂದೂ ಸುಳ್ಳು ಭರವಸೆ ಕೊಡಲಿಲ್ಲ. ಕೆಲವರಿಗೆ ಕೈ ತಣ್ಣಗಾಗಿ ಜೋಮು ಹಿಡಿಯುತ್ತದೆ, ನೋಯುತ್ತದೆ. ಹಾಗಾದ ಕೂಡಲೇ ಹೇಳಿದರೆ ಸರಿಪಡಿಸುವ ದಾರಿ ಉಂಟು. ಹೆಚ್ಚಿನವರ ಕೈ ಮೊದಲಿನ ಹಾಗೇ ದಿನದ ಕೆಲಸ ಮಾಡುತ್ತದೆ. ಸೂಜಿ ಚುಚ್ಚುವುದು ತೋಳಿಗೆ, ಅಂಗೈಗಲ್ಲ. ಪಕ್ಕದ ಮಂಚದಲ್ಲಿ ಗೋಕಾಕದ ಮುರುಗೆಪ್ಪ ಇದ್ದ. ಚಾಕಣದ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವವನು, ವರ್ಷಗಳಿಂದ ಎಡಗೈ ಫಿಸ್ಟುಲಾದ ಮೇಲೇ ಬದುಕಿದವನು. ಡಯಾಲಿಸಿಸ್ ಮುಗಿಸಿ, ಪಟ್ಟಿ ಕಟ್ಟಿದ್ದ ಅದೇ ಕೈಯ ಅಂಗೈ ಮೇಲೆ ಚಹಾದ ಕಪ್ಪನ್ನು ಇಟ್ಟುಕೊಂಡು ಚಾಚಿದ.

“ನೋಡ್ರಿ, ಹನಿ ಚೆಲ್ಲಲಿಲ್ಲ. ನೀರು, ಚಹಾ ಅಳತಿ ಮಾಡಿ ಕುಡಿಯೋ ನಮಗ ಚೆಲ್ಲೂವಷ್ಟ ಚಹಾ ಯಾರ ಕೊಡತಾರ್ರಿ, ಅದು ಬ್ಯಾರೆ ಮಾತು.”

ನಂತರ ಗೂಳಪ್ಪನ ಬೆರಳನ್ನು ತನ್ನ ತೋಳಿನ ಉಬ್ಬಿದ ನಾಳದ ಮೇಲೆ ಇಡಿಸಿದ. ಒಳಗೆ ಬೆಕ್ಕು ಗುರುಗುಟ್ಟಿದಂತೆ ಒಂದು ಕಂಪನ. ದಿನಾ ಬೆಳಗ್ಗೆ ಇದನ್ನು ಮುಟ್ಟಿ ನೋಡಬೇಕು, ನಿಂತಿದ್ದರೆ ಆ ಗಳಿಗೆಯೇ ಆಸ್ಪತ್ರೆಗೆ ಓಡಬೇಕು ಎಂದ.

ಗೂಳಪ್ಪ ಬೆರಳು ತೆಗೆಯಲಿಲ್ಲ. ಆಗ ಇಂದೂ ಏಳುತ್ತಾ ಹೇಳಿದಳು, “ಕಾಕಾ, ಫಿಸ್ಟುಲಾ ಪಕ್ಕಾ ಆತಂದ್ರ ಕುತ್ತಿಗಿ ನಳಿಗಿ ತಗೀತಾರ. ಗಾಯ ಮಾಯಿದ ಮ್ಯಾಲ ತಲಿ ಮ್ಯಾಗ ಎಷ್ಟ ತಂಬಿಗಿ ಬೇಕೋ ಅಷ್ಟ ಸುರುವಿಕೊಳ್ರಿ. ಕಾಕೂನ ನಿಮಗ ನೀರ ಕಾಸಿ ಕೊಡತಾರ.”

“ಇದನ್ನ ಮೊದಲ ಹೇಳಬಾರದೇನ?” ಎಂದ ಗೂಳಪ್ಪ.

ನಾಗವ್ವ ಹಣೆ ಚಚ್ಚಿಕೊಂಡಳು. ಈ ಮಾತನ್ನು ಅವಳೇ ಮೂರು ಸಲ ಹೇಳಿದ್ದಳು.

ಎಡಗೈಗೇ ಆಪರೇಷನ್ ಆಯಿತು. ಡಾಕ್ಟರು ಅನುಮತಿ ಕೊಟ್ಟ ಮೇಲೆ ಗೂಳಪ್ಪ ನಾಳ ಉಬ್ಬಲೆಂದು ಆ ಕೈಯಲ್ಲಿ ಮೆತ್ತನೆಯ ಚೆಂಡು ಹಿಚುಕುತ್ತಾ ಕೂತ. ನಾಳ ಬಲಿಯುವ ತನಕ ಕುತ್ತಿಗೆಯ ನಳಿಕೆಯನ್ನೂ ಕಾಪಾಡಬೇಕಿತ್ತು. ಬೆಲ್ಲದ ಹಾಳೆಯನ್ನು ನಾಗವ್ವ ತಾನೇ ಕಸಕ್ಕೆ ಹಾಕಿದಳು. ಎದೆಯಿಂದ ಕೆಳಗೆ ಒದ್ದೆ ಬಟ್ಟೆಯಲ್ಲಿ ಒರೆಸುವುದು, ತಲೆಯನ್ನು ಹಿಂದಕ್ಕೆ ಬಾಗಿಸಿ ಬೇರೆಯಾಗಿ ತೊಳೆಯುವುದು, ಕರಡಿಗೆಯ ಶಿವದಾರ ನಳಿಕೆಗೆ ತಾಗದಂತೆ ಸರಿಸಿಕೊಳ್ಳುವುದು, ಎಲ್ಲವನ್ನೂ ಇಂದೂ ತೋರಿಸಿಕೊಟ್ಟಳು. ಗೂಳಪ್ಪ ಗೊಣಗಿದ, ಆದರೆ ಮಾಡಿದ. ನಳಿಕೆ ತೆಗೆದು ಗಾಯ ಮಾಯಿತು ಎಂದು ಡಾಕ್ಟರು ಹೇಳಿದ ಮರುದಿನ, ಅವನು ಬಚ್ಚಲಿನಿಂದ ಹೊರಬರುವಷ್ಟರಲ್ಲಿ ಗೀಜರಿನ ನೀರೆಲ್ಲ ಖಾಲಿ. ಪೂಜೆಗೆ ಕೂತು ಮೊದಲು ಬಲಗೈ ಬೆರಳಿನಿಂದ ಎಡತೋಳು ಮುಟ್ಟಿ ನೋಡಿದ. ಗುರುಗುಟ್ಟುತ್ತಿತ್ತು. ಆಮೇಲೆ ಕರಡಿಗೆ ತೆರೆದು ಲಿಂಗವನ್ನು ಅಂಗೈ ಮೇಲೆ ಇಟ್ಟುಕೊಂಡ. ನಾಗವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ಕೈಯನ್ನೇ ನೋಡುತ್ತಿದ್ದಳು. ಕೈ ನಡುಗಲಿಲ್ಲ.

ಮೊನ್ನೆ ಕಣ್ಣು ತೋರಿಸಲು ಸ್ವಾರಗೇಟಿನ ಹತ್ತಿರದ ಒಂದು ದವಾಖಾನೆಗೆ ಹೋಗಿದ್ದರು. ಅಲ್ಲಿನ ಹುಡುಗಿ ಬಿಪಿ ನೋಡಲೆಂದು ಗೂಳಪ್ಪನ ಎಡತೋಳಿಗೆ ಪಟ್ಟಿ ಸುತ್ತಲು ಬಂದಳು. ಅವನು ಬಾಯಿ ತೆರೆಯುವ ಮೊದಲೇ ನಾಗವ್ವ ನಡುವೆ ನಿಂತಿದ್ದಳು.

“ಎಡಗೈ ಮುಟ್ಟಬ್ಯಾಡ್ರಿ,” ಎಂದಳು. ಆತುರದಲ್ಲಿ ಕನ್ನಡದಲ್ಲೇ ಬಂದಿತ್ತು. ಮತ್ತೆ ಮರಾಠಿಯಲ್ಲಿ, ಇನ್ನೂ ಜೋರಾಗಿ ಹೇಳಿದಳು. ಗೂಳಪ್ಪ ಮೀಸೆಯೊಳಗೆ ನಗುತ್ತಾ ಬಲಗೈ ಚಾಚಿದ.

ಗೂಳಪ್ಪನ ಕೈ ಉಳಿದದ್ದು ಅವನ ಭಕ್ತಿಯ ಕಾರಣಕ್ಕೆ. ನಿಮಗೆ ಅಂಥ ಕಾರಣ ಇಲ್ಲದಿದ್ದರೆ ಈ ಕಥೆಯನ್ನೇ ಕಾರಣ ಮಾಡಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಕಿಡ್ನಿ ಸೋಲುತ್ತಿದೆ ಎಂದು ತಿಳಿದರೆ, ಡಯಾಲಿಸಿಸ್ ಇನ್ನೂ ದೂರ ಎಂದು ಸುಮ್ಮನಿರಬೇಡಿ. ಯಾವ ಕೈಯನ್ನು ಉಳಿಸಿಕೊಳ್ಳಬೇಕೆಂದು ಡಾಕ್ಟರನ್ನು ಕೇಳಿ, ಆ ಕೈಗೆ ಸೂಜಿ, ಸಲೈನು ಬೇಡ ಎಂದು ಪ್ರತಿ ಸಲವೂ ಹೇಳಿ. ಫಿಸ್ಟುಲಾ ಆದ ಕೈಗೆ ಬಿಪಿ ಪಟ್ಟಿ ಬೇಡ, ಬಿಗಿ ಬಳೆ, ಗಡಿಯಾರ ಬೇಡ, ಭಾರ ಬೇಡ, ಅದರ ಮೇಲೆ ಮಲಗುವುದೂ ಬೇಡ. ಡಯಾಲಿಸಿಸ್‌ಗೆ ಮುಂಚೆ ಆ ಕೈಯನ್ನು ಸೋಪಿನಿಂದ ತೊಳೆಯಿರಿ. ರಕ್ತ ಸೋರಿದರೆ ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿದು ಆಸ್ಪತ್ರೆಗೆ ಓಡಿ. ಕುತ್ತಿಗೆಯಲ್ಲಿ ನಳಿಕೆ ಇರುವವರು ಅದನ್ನು ಒದ್ದೆಯಾಗದಂತೆ ಇಡಿ, ವಿಭೂತಿ, ಅರಿಶಿನ, ಪೌಡರು ಏನನ್ನೂ ಹಚ್ಚಬೇಡಿ. ಜ್ವರ, ಚಳಿ, ಕೆಂಪು, ಕೀವು ಕಂಡರೆ ಮುಂದಿನ ಡಯಾಲಿಸಿಸ್ ತನಕ ಕಾಯಬೇಡಿ.

ನೀವು ಹೀಗೆ ಹೇಳಿದಾಗ ಸೂಜಿ ಹಿಡಿದವರು ಮುಖ ಸಿಂಡರಿಸಬಹುದು. ಸಂಗಡ ಬಂದವರಿಗೆ ನಾಚಿಕೆ ಎನಿಸಬಹುದು. ಎನಿಸಲಿ. ಗಟ್ಟಿಯಾಗಿ ಹೇಳಿ, ಎರಡು ಭಾಷೆಯಲ್ಲಿ ಹೇಳಿ. ಆ ಕೈ ನಾಳೆ ನಿಮ್ಮ ಜೀವದ ದಾರಿ.