ಪಿಲಿಯ ಮೊದಲ ತುತ್ತು

ನಮ್ಮ ಲಾಮು ದ್ವೀಪದಲ್ಲಿ ಬೆಕ್ಕನ್ನು ಮನೆಯೊಳಗೆ ಕೂಡಿಹಾಕುವವನಿಗೆ ಒಳ್ಳೆಯ ಹೆಸರು ಬರುವುದಿಲ್ಲ. ನನಗೂ ಬರಲಿಲ್ಲ. ನಾನು ಅಥ್ಮಾನ್, ಬಾಗಿಲು ಕೆತ್ತುವ ಫುಂಡಿ, ಅಂದರೆ ಬಡಗಿ. ಅರವತ್ತೆಂಟು ವರ್ಷದಲ್ಲಿ ಓಣಿಯವರಿಂದ ಬೈಸಿಕೊಂಡದ್ದು ಕಡಿಮೆ, ಬೈದದ್ದೇ ಹೆಚ್ಚು.

ಪಿಲಿಯನ್ನು ಕೂಡಿಹಾಕದೆ ಬೇರೆ ದಾರಿ ಇರಲಿಲ್ಲ. ಅವಳ ಉಚ್ಚೆಯಲ್ಲಿ ನೆತ್ತರು ಬರುತ್ತಿತ್ತು. ಹನಿ ಹನಿಯಾಗಿ, ನರಳುತ್ತ ಹೊಯ್ಯುತ್ತಿದ್ದಳು. ಪ್ರಾಣಿಗಳ ಡಾಕ್ಟರಮ್ಮ ರುಕಿಯಾ ಅವಳ ಹೊಟ್ಟೆಯ ಮೇಲೆ ಯಂತ್ರ ಆಡಿಸಿ ನೋಡಿದರು.

"ಮೂತ್ರಚೀಲದಲ್ಲಿ ಕಲ್ಲಿದೆ ಫುಂಡಿ, ಕಡಲೆಕಾಳಿನಷ್ಟು. ನನ್ನ ಅಂದಾಜು ಸರಿ ಇದ್ರೆ ಪಥ್ಯದಲ್ಲೇ ಕರಗುತ್ತೆ. ಈ ಡಬ್ಬಿ ಆಹಾರ, ಬೇಕಾದಷ್ಟು ನೀರು. ಬೇರೆ ಒಂದು ಚೂರೂ ಬಾಯಿಗೆ ಬೀಳಬಾರದು. ಮೀನಿನ ತಲೆನೂ ಇಲ್ಲ, ಬಾಲನೂ ಇಲ್ಲ."

ಪಿಲಿ ನನ್ನ ಹೆಂಡತಿ ರೆಹೇಮಾ ಸಾಕಿದ ಬೆಕ್ಕು. ರೆಹೇಮಾ ತೀರಿಕೊಂಡು ಎರಡು ವರ್ಷ. ಅವಳು ಬಿಟ್ಟುಹೋದದ್ದರಲ್ಲಿ ಉಸಿರಾಡುವುದು ಇದೊಂದೇ.

ಪಕ್ಕದ ಮನೆಯ ವಿಧವೆ ಮ್ವಾನಕೊಂಬೊಗೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ. ಮಾಳಿಗೆಯ ನೀರು ಯಾರ ಕಡೆ ಹರಿಯಬೇಕೆಂದು ಏಳು ವರ್ಷದ ಹಿಂದೆ ಜಗಳವಾಗಿ ಮಾತು ನಿಂತಿತ್ತು. ಬೈಗುಳ ನಿಂತಿರಲಿಲ್ಲ. ಪಿಲಿಯ ಕೂಗು ಕೇಳಿದ ದಿನವೇ ತನ್ನ ಮಾಳಿಗೆಯಿಂದ ನಮ್ಮ ಅಂಗಳಕ್ಕೆ ಬಗ್ಗಿದಳು.

"ಬೆಕ್ಕನ್ನ ಕಟ್ಟಿಹಾಕಿ ಉಪವಾಸ ಕೆಡವಿದ ಹೆಂಗಸು ನರಕಕ್ಕೆ ಹೋದಳಂತೆ, ಕೇಳಿಲ್ವಾ? ಗಂಡಸರಿಗೆ ರಿಯಾಯಿತಿ ಇದೆ ಅಂದ್ಕೊಂಡಿದ್ದೀಯಾ?"

ಹಿಂದೆಯೇ ಒಂದು ಹುರಿದ ಮೀನು ಬಂದು ಬಿತ್ತು. ನಾನು ಅದನ್ನು ವಾಪಸ್ಸು ಎಸೆದು, ಬೆಕ್ಕಿಗೆ ಕಾಯಿಲೆ ಎಂದು ಇಡೀ ಓಣಿಗೆ ಕೇಳುವಂತೆ ಕಿರುಚಿದೆ.

ಮೂರು ವಾರ ಕಳೆಯಿತು. ಕಲ್ಲು ಇದ್ದಷ್ಟೇ ಇತ್ತು.

"ಬೇರೇನು ತಿಂತಾಳೆ?" ಎಂದರು ಡಾಕ್ಟರಮ್ಮ.

"ಅಲ್ಲಾಣೆ, ಏನೂ ಇಲ್ಲ."

"ಹಾಗಾದ್ರೆ ಇದು ಕರಗೋ ಕಲ್ಲಲ್ವೇನೋ. ಇನ್ನು ಮೂರು ವಾರ ನೋಡೋಣ. ಆಮೇಲೆ ಮೊಂಬಾಸಾಗೆ ಕರ್ಕೊಂಡು ಹೋಗಿ ಕುಯ್ಯಿಸಬೇಕು. ಹದಿಮೂರು ವರ್ಷದ ಬೆಕ್ಕು, ತಡ್ಕೊಳ್ಳುತ್ತೋ ಇಲ್ವೋ ಹೇಳಕ್ಕಾಗಲ್ಲ."

ನೆಟ್ಟಗೆ ಮಾಳಿಗೆ ಹತ್ತಿದೆ. ಪಕ್ಕದ ಮಾಳಿಗೆಯಲ್ಲಿ ಮ್ವಾನಕೊಂಬೊ ಬಟ್ಟೆ ಹರವುತ್ತಿದ್ದಳು.

"ನನ್ನ ಬೆಕ್ಕಿಗೆ ಕದ್ದು ತಿನ್ನಿಸ್ತಿರೋದು ನೀನೇ ತಾನೇ?"

"ನಾನು ಆವತ್ತೊಂದು ದಿನ ಎಸೆದೆ, ಅದನ್ನೂ ನೀನು ನನ್ನ ತಲೆಗೇ ವಾಪಸ್ಸು ಎಸೆದೆ. ತಿನ್ನಿಸ್ತಿರೋದು ನೀನು."

"ನಾನಾ?"

"ದಿನಾ ಮಧ್ಯಾಹ್ನ ನೋಡ್ತೀನಿ. ಬಿಸ್ಮಿಲ್ಲಾ ಅಂತೀಯ, ಅನ್ನ ಮೀನು ಕಲಸ್ತೀಯ, ಮೊದಲ ತುತ್ತು ಚಾಪೆ ಅಂಚಿಗೆ ಇಡ್ತೀಯ. ಎರಡನೇದು ನಿನ್ನ ಬಾಯಿಗೆ. ರೆಹೇಮಾ ಇಡ್ತಿದ್ದಳಲ್ಲ, ಹಾಗೇ. ಡಾಕ್ಟ್ರೇ ಇಡು ಅಂದಿರಬೇಕು ಅಂತ ಸುಮ್ಮನಿದ್ದೆ."

ಸುಳ್ಳಿ ಎಂದು ಬೈದು ಇಳಿದುಬಂದೆ. ಮರುದಿನ ತಟ್ಟೆಯ ಮುಂದೆ ಕೂತು ನನ್ನ ಕೈಯನ್ನೇ ನೋಡಿದೆ. ಬಿಸ್ಮಿಲ್ಲಾ ಎಂದದ್ದೇ ತಡ, ಅದು ನನ್ನನ್ನು ಕೇಳದೆ ಚಾಪೆಯ ಅಂಚಿಗೆ ಹೊರಟಿತು. ಪಿಲಿ ಅಲ್ಲಿ ಬಾಲ ಸುತ್ತಿಕೊಂಡು ಕಾದಿದ್ದಳು. ರೆಹೇಮಾಳ ಕೈ ನನ್ನ ಕೈಯೊಳಗೆ ಬಂದು ಕೂತದ್ದು ನನಗೆ ಗೊತ್ತೇ ಇರಲಿಲ್ಲ. ಅಳು ಬಂತು, ಅತ್ತುಬಿಟ್ಟೆ.

"ಕೈ!" ಎಂದು ಮೇಲಿನಿಂದ ಕೂಗು. "ಅಳೋದು ಆಮೇಲೆ ಅಳು, ಮೊದಲು ಕೈ ತೆಗಿ!"

ತುತ್ತನ್ನು ನನ್ನ ಬಾಯಿಗೆ ಹಾಕಿಕೊಂಡೆ. ಉಪ್ಪಾಗಿತ್ತು.

ಅಂದಿನಿಂದ ದಿನಾ ಮಧ್ಯಾಹ್ನ ಮ್ವಾನಕೊಂಬೊ ಮಾಳಿಗೆಯಲ್ಲಿ, ನಾನು ಅಂಗಳದಲ್ಲಿ. ನನ್ನ ಬಿಸ್ಮಿಲ್ಲಾ, ಅವಳ "ಕೈ!" ಓಣಿಯವರು ನಕ್ಕರು. ನಗಲಿ. ಎರಡನೇ ವಾರ ಪಿಲಿ ನನ್ನ ಮರದ ಹೊಟ್ಟಿನ ರಾಶಿಯಲ್ಲಿ ಕೂತು, ನರಳದೆ, ಒಂದು ದೊಡ್ಡ ಮಡುವನ್ನೇ ಹೊಯ್ದಳು. ಅಷ್ಟು ಚೆಂದದ ಒದ್ದೆಯನ್ನು ನಾನು ಕಂಡಿರಲಿಲ್ಲ.

ಮೂರನೆಯ ವಾರ ಡಾಕ್ಟರಮ್ಮ ಎಷ್ಟು ಹುಡುಕಿದರೂ ಕಲ್ಲು ಸಿಗಲಿಲ್ಲ.

"ಮತ್ತೆ ಕಟ್ಟಬಾರದು ಅಂದ್ರೆ ಪಥ್ಯ ಬಿಡಬೇಡಿ, ಫುಂಡಿ," ಎಂದರು.

ಮಾಳಿಗೆಗೆ ಓಡಿದೆ. "ಕರಗಿತು!"

"ಅಲ್ಹಮ್ದುಲಿಲ್ಲಾ. ಸದ್ಯ, ನನ್ನ ಗಂಟಲಿಗೂ ಬಿಡುಗಡೆ," ಎಂದಳು ಮ್ವಾನಕೊಂಬೊ.

"ಪಥ್ಯ ಇನ್ನೂ ಇದೆ."

"ಎಷ್ಟು ದಿನ?"

"ಪಿಲಿ ಇರೋವರೆಗೂ."

ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಿದಳು. "ಹಾಗಾದ್ರೆ ನಾಳೆನೂ ಕೂಗಬೇಕಾ?"

"ಕೂಗಬೇಕು."

ನನ್ನ ಕೈ ತಾನಾಗಿಯೇ ನಿಲ್ಲುವುದನ್ನು ಕಲಿತು ಆಗಲೇ ಹತ್ತು ದಿನವಾಗಿತ್ತು. ಅದನ್ನು ಅವಳಿಗೆ ಹೇಳಲಿಲ್ಲ. ಮರುದಿನ ಮಧ್ಯಾಹ್ನ ಕೈಯನ್ನು ನಾನೇ ಚಾಪೆಯ ಅಂಚಿನವರೆಗೆ ಒಯ್ದು, ಕಾದು ಕೂತೆ.