ತಾತನ ಮುಖಕ್ಕೆ ಚಾಕು

ಚಿತ್ರಕಲಾ ಶಾಲೆಯಲ್ಲಿ ನನಗೆ ಸೀಟು ಸಿಕ್ಕ ವಾರವೇ ಅಪ್ಪ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡರು. ಅಪ್ಪ ಗೋಡೆಗೆ ಬಣ್ಣ ಬಳಿಯುವವರು; ಅವರು ಹಾಸಿಗೆ ಹಿಡಿದರೆ ಮನೆಯ ಒಲೆಯೂ ಮಲಗಿದ ಹಾಗೆ. "ಒಂದು ವರ್ಷ ತಡಿ, ಮಗಳೇ" ಎಂದರು, ನನ್ನ ಮುಖ ನೋಡದೆ. ಅತ್ತು ಮುಗಿಸಿ, ಬೀದಿ ಕೊನೆಯ ಬೇಕರಿಯಲ್ಲಿ ಕೇಕಿನ ಮೇಲೆ ಹೆಸರು ಬರೆಯುವ ಕೆಲಸಕ್ಕೆ ಸೇರಿಕೊಂಡೆ.

ಬೇಕರಿ ಮಾಲೀಕರಿಗೆ ನಾವು ಕೆಲಸದವರು ಇಟ್ಟ ಹೆಸರು ಸಿಡುಕಪ್ಪ. ಮೊದಲ ದಿನವೇ ಅಪ್ಪಣೆಯಾಯಿತು: "ಅಕ್ಷರ ಬರಿ, ಪಕ್ಕದಲ್ಲಿ ಎರಡು ಹೂವು ಹಾಕು. ಅದಕ್ಕಿಂತ ಹೆಚ್ಚು ಕೈಚಳಕ ತೋರಿಸಿದ್ರೆ ಮನೆಗೆ ಹೋಗ್ತಾ ಇರು." ದಿನವೂ ಅದೇ ಹೂವು. ನನ್ನ ಕೈ ತುರಿಸುತ್ತಿತ್ತು.

ಒಂದು ಬೆಳಿಗ್ಗೆ ಬನ್ ತಾತನ ಮನೆಯವರು ಅವರ ಹುಟ್ಟುಹಬ್ಬಕ್ಕೆ ಕೇಕು ಬೇಕೆಂದು ಹೇಳಿಕಳಿಸಿದರು. ದಿನಾ ಬನ್ನಿಗೆಂದು ಬರುವ ಮುದುಕರು ಅವರು. ಅಗಲ ಕಿವಿ, ಪೊದೆಹುಬ್ಬು, ಬೊಚ್ಚುಬಾಯಿ. ಮಾಲೀಕರು ಹಿಟ್ಟು ತರಲು ಹೋಗಿದ್ದರು, ಕೈಯಲ್ಲಿ ಚಾಕಲೇಟ್ ಇತ್ತು, ಇನ್ನೇನು ಬೇಕು? ಹೆಸರು ಬರೆಯಬೇಕಾದ ಜಾಗದಲ್ಲಿ ತಾತನ ಮುಖವೇ ಬಂದು ಕೂತಿತು. ಯಾರೂ ನೋಡುವ ಮೊದಲೇ ಡಬ್ಬಿಗೆ ಹಾಕಿ ಕಳಿಸಿಬಿಟ್ಟೆ.

ಸಂಜೆ ತಾತನ ಮನೆಯಿಂದ ಫೋನ್ ಬಂತು. "ನಿಮ್ಮ ಕೇಕು ಕತ್ತರಿಸೋಕೇ ಆಗ್ತಿಲ್ಲ, ಬೇಗ ಬನ್ನಿ!" ಕೇಕು ಕಲ್ಲಾಗಿದೆ ಎಂದುಕೊಂಡು ಮಾಲೀಕರು ನನ್ನನ್ನೂ ಎಳೆದುಕೊಂಡು ಓಡಿದರು.

ಅಲ್ಲಿ ಮೇಜಿನ ಸುತ್ತ ಮನೆಮಂದಿಯೆಲ್ಲ ನಿಂತು, ಚಾಕುವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಿದ್ದರು.

"ಅಪ್ಪನ ಮುಖಕ್ಕೆ ಹೇಗ್ರೀ ಚಾಕು ಹಾಕೋದು?" ಎಂದಳು ತಾತನ ಮಗಳು.

"ನಾನು ಹಾಕಿದ್ರೆ ಸಾಯೋತನಕ ಅದೇ ಮಾತು ಕೇಳ್ಬೇಕಾಗುತ್ತೆ" ಎಂದು ಅಳಿಯ ಕೈ ಹಿಂದಕ್ಕೆಳೆದುಕೊಂಡ.

ಮಾಲೀಕರು ಕೇಕು ನೋಡಿದರು, ನನ್ನನ್ನು ನೋಡಿದರು. "ನಾಳೆಯಿಂದ ನೀನು ಬರ್ಬೇಡ" ಎಂದು ಹಲ್ಲು ಕಚ್ಚಿ ಹೇಳಿದರು. ಅಪ್ಪನ ಔಷಧಿ, ಮನೆ ಬಾಡಿಗೆ ಎಲ್ಲ ಕಣ್ಣ ಮುಂದೆ ಬಂದವು.

ಅಷ್ಟರಲ್ಲಿ ತಾತನೇ ಚಮಚ ಎತ್ತಿಕೊಂಡು ತಮ್ಮ ಬಲಗಿವಿಯನ್ನು ಕಿತ್ತು ಬಾಯಿಗೆ ಹಾಕಿಕೊಂಡರು. "ಈ ಕಿವಿ ಹೇಗೂ ಕೇಳಿಸಲ್ಲ, ಹೋಗ್ಲಿ!"

ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಆಮೇಲೆ ಕೇಳಬೇಕೆ, ಮೂಗು ನನಗೆ, ಹುಬ್ಬು ನನಗೆ ಎಂದು ಎಲ್ಲರೂ ಮುಗಿಬಿದ್ದರು. ತಾತ ಗಲ್ಲಕ್ಕೆ ಮೆತ್ತಿದ ಕೆನೆ ಒರೆಸಿಕೊಳ್ಳುತ್ತ, "ಮುಂದಿನ ಸಲ ಹಲ್ಲು ಇಟ್ಟು ಬರಿಯಮ್ಮ" ಎಂದರು. ಮಗಳು ಮಾಲೀಕರತ್ತ ತಿರುಗಿದಳು. "ಬರೋ ವಾರ ನಮ್ಮ ಯಜಮಾನರ ಹುಟ್ಟುಹಬ್ಬ. ಇವರ ಮುಖಾನೂ ಹಾಕಿಸಿ ಕೊಡಿ. ಅದನ್ನ ನಾನೇ ಕತ್ತರಿಸ್ತೀನಿ."

ವಾಪಸು ಬರುವಾಗ ಮಾಲೀಕರು ದಾರಿಯುದ್ದಕ್ಕೂ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ತಿರುವಿನಲ್ಲಿ ಮಾತ್ರ ನಿಂತು, "ನಾಳೆ ಬೇಗ ಬಾ" ಎಂದು ಗುರುಗುಟ್ಟಿದರು.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ.

"ಹಾಗಾದ್ರೆ ಕೆಲಸ ಉಳೀತಾ?"

"ಕೆಲಸ ಉಳೀತಪ್ಪ. ಚಿತ್ರ ಉಳೀಲಿಲ್ಲ."

ಅಪ್ಪನ ಮುಖ ಸಪ್ಪಗಾಯಿತು. "ನನ್ನಿಂದಾಗಿ ನಿನ್ನ ಚಿತ್ರ ಕಂಡೋರ ಹೊಟ್ಟೆ ಸೇರೋ ಹಾಗಾಯ್ತಲ್ಲ."

"ಒಂದು ಚೂರೂ ಬಿಡದೆ ತಿಂದ್ರಪ್ಪ, ತಟ್ಟೆ ಕೂಡ ನೆಕ್ಕಿದ್ರು! ಬರೋ ವರ್ಷ ಶಾಲೆಗೆ ಹೋಗೇ ಹೋಗ್ತೀನಿ. ಅಲ್ಲೀತನಕ ಊರವರಿಗೆಲ್ಲ ಅವರವರ ಮುಖಾನೇ ತಿನ್ನಿಸ್ತೀನಿ."

ಅಪ್ಪ ಕಾಲು ಹಿಡಿದುಕೊಂಡು, ನೋವು ನೋವು ಎನ್ನುತ್ತಲೇ ನಕ್ಕರು. ಏಣಿಯಿಂದ ಬಿದ್ದ ಮೇಲೆ ಅವರು ನನ್ನ ಮುಖ ನೋಡಿ ನಕ್ಕಿದ್ದು ಅದೇ ಮೊದಲು.